ಮನಾಲಿ, ಶಿಮ್ಲಾ ಕಡೆ ಹೊರಟವರಿಗೆ: ಶೂ ಮೇಲೆ ಸಾಕ್ಸ್ ಹಾಕಿ

ಡಿಸೆಂಬರ್ ರಜೆಗೆ ಮನೆಮಂದಿಯೆಲ್ಲ ಹಿಮ ನೋಡಲು ಹೊರಟಿದ್ದರೆ, ತಲೆಗೊಂದು ಜೊತೆ ದೊಡ್ಡ ಅಳತೆಯ ಒರಟು ಸಾಕ್ಸ್ ಜಾಸ್ತಿ ಇಟ್ಟುಕೊಳ್ಳಿ. ರಸ್ತೆ ಮಂಜುಗಡ್ಡೆ ಕಟ್ಟಿದ್ದರೆ ಅದನ್ನು ಶೂ ಮೇಲೆಯೇ ಎಳೆದು ಹಾಕಿ ನಡೆಯಿರಿ. ಚಳಿಗೆ ಗಟ್ಟಿಯಾದ ಶೂ ತಳ ಜಾರುತ್ತದೆ, ಸಾಕ್ಸಿನ ನೂಲು ಹಿಡಿತ ಕೊಡುತ್ತದೆ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಮಂಜುಗಟ್ಟಿದ ಇಳಿಜಾರಿನಲ್ಲಿ ಜನರನ್ನು ನಡೆಸಿ ಇದನ್ನು ಪರೀಕ್ಷಿಸಿದ್ದಾರೆ. ಸಾಕ್ಸ್ ಹಾಕಿದವರಿಗೆ ಜಾರಿಕೆ ಕಡಿಮೆ ಎಂದು 2009ರಲ್ಲಿ ಪ್ರಕಟಿಸಿದ್ದಾರೆ. ಬಳ್ಳಾರಿ ಬಿಸಿಲಲ್ಲಿ ಬೆಳೆದ ನಮಗೆ ಗಡ್ಡೆ ಮೇಲೆ ನಡೆದು ಗೊತ್ತಿಲ್ಲ, ಅಲ್ವಾ? ಹಗಲು ಕರಗಿದ ನೀರು ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ಹಾಗಾಗಿ ಬೆಳಿಗ್ಗೆ ಹೋಟೆಲ್ ಮೆಟ್ಟಿಲು, ಗಾಡಿ ನಿಲ್ಲಿಸುವ ಜಾಗವೇ ಹೆಚ್ಚು ಅಪಾಯ. ಅಜ್ಜ, ಅಜ್ಜಿ ಅಲ್ಲಿ ಬಿದ್ದು ಮಣಿಕಟ್ಟೋ ಸೊಂಟವೋ ಮುರಿದರೆ ಉಳಿದ ರಜೆಯೆಲ್ಲ ಆಸ್ಪತ್ರೆಯಲ್ಲೇ. ಬಿಸಿಲು ಬೀಳುವ ತನಕ ಅವರನ್ನು ಒಳಗೇ ಕೂರಿಸಿ, ದಯವಿಟ್ಟು. ಸಾಕ್ಸ್ ಪೂರ್ತಿ ನೆನೆದರೆ, ಹರಿದರೆ, ಅಥವಾ ಹಿಮ ಮೆತ್ತಿಕೊಂಡರೆ ಉಪಯೋಗವಿಲ್ಲ. ಕಡಿದಾದ ಇಳಿಜಾರಿಗೂ ಇದನ್ನು ನಂಬಬೇಡಿ, ಅಲ್ಲಿಗೆ ಶೂಗೆ ಕಟ್ಟುವ ಮುಳ್ಳಿನ ಪಟ್ಟಿಯೇ ಬೇಕು. ಒಳಗಿನ ಟೈಲ್ಸ್ ಮೇಲೆ ಸಾಕ್ಸೇ ಜಾರಿಸುತ್ತದೆ, ಬಾಗಿಲಲ್ಲೇ ತೆಗೆಯಿರಿ. ಯಾರಾದರೂ ಬಿದ್ದರೆ ಕೈಕಾಲು ಎಳೆದು ನೆಟ್ಟಗೆ ಮಾಡಬೇಡಿ. ಇದ್ದ ಹಾಗೆ ಅಲುಗಾಡದಂತೆ ಇರಿಸಿ, ಬೆಚ್ಚಗೆ ಹೊದಿಸಿ, 112ಕ್ಕೆ ಫೋನ್ ಮಾಡಿ. ಕಾಶ್ಮೀರಕ್ಕೆ ಹೋಗುವವರು ಒಬ್ಬರಾದರೂ ಪೋಸ್ಟ್‌ಪೇಯ್ಡ್ ಸಿಮ್ ಇಟ್ಟುಕೊಳ್ಳಿ, ನಮ್ಮ ಪ್ರೀಪೇಯ್ಡ್ ಅಲ್ಲಿ ನಡೆಯುವುದಿಲ್ಲ.