‘ಅಧರ್ ಕೆಜಿ’ ಬೀಜ

ವೆಬ್ ಡೆವಲಪರ್ ಅಂದರೆ ಕೋಡ್ ಬರೆಯುವವನು ಅಂದುಕೊಂಡೇ ದಾವಣಗೆರೆಯಲ್ಲಿ ಕೆಲಸ ಶುರು ಮಾಡಿದೆ. ಬಿತ್ತನೆ ಬೀಜದ ಅಂಗಡಿಯೊಂದಕ್ಕೆ ವೆಬ್‌ಸೈಟ್ ಮಾಡಿಕೊಟ್ಟ ಮೇಲೆ ಆ ಭ್ರಮೆ ಇಳಿಯಿತು.

ಅಂಗಡಿಯ ಸಾವ್ಕಾರ್ರು ಕೊಟ್ಟ ದರಪಟ್ಟಿ ‘ನುಡಿ’ ಅನ್ನೋ ಕನ್ನಡ ತಂತ್ರಾಂಶದ ಹಳೇ ಫಾಂಟಿನದು. ಪುಟಕ್ಕೆ ಅಂಟಿಸಿದರೆ ಕನ್ನಡವೇ ಇಲ್ಲ! ಆ ಫಾಂಟು ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೆ ಕನ್ನಡದ ಮುಖವಾಡ ಹಾಕಿರುತ್ತದೆ. ‘ನ’ ಅಂತ ಕಾಣುವುದರ ಹಿಂದೆ ಕೂತಿರುವುದು ಪೌಂಡ್ ಗುರುತು. ಫಾಂಟ್ ಇಲ್ಲದ ಮೊಬೈಲಿನಲ್ಲಿ ಮುಖವಾಡ ಕಳಚುತ್ತದೆ. ಒಂದು ರಾತ್ರಿ ಕೂತು ಪಟ್ಟಿಯನ್ನು ಎಲ್ಲ ಮೊಬೈಲಿಗೂ ಅರ್ಥವಾಗುವ ಅಕ್ಷರ ಸಂಕೇತ ಯುನಿಕೋಡ್‌ಗೆ ಬದಲಿಸುವ ಪುಟ್ಟ ಪ್ರೋಗ್ರಾಂ ಬರೆದೆ. ಚೆನ್ನಾಗಿಯೇ ಕಂಡಿತು.

ಬೆಳಿಗ್ಗೆ ಸಾವ್ಕಾರ್ರ ಫೋನ್. “ತಮ್ಮಾ, ಈ ‘ಅಧರ್ ಕೆಜಿ’ ಅಂದ್ರೆ ಎಷ್ಟೋ?”

ಅರ್ಧ ಕೆಜಿ! ಹಳೇ ನುಡಿ ಅರ್ಕಾವೊತ್ತನ್ನು ಕಣ್ಣಿಗೆ ಕಂಡಂತೆ ಅಕ್ಷರದ ನಂತರ ಇಡುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ‘ರ್’ ಮೊದಲು. ಅದನ್ನು ಹಿಂದಕ್ಕೆ ಸರಿಸುವ ಸಾಲನ್ನೇ ನಾನು ಬರೆದಿರಲಿಲ್ಲ. ಸರಿಪಡಿಸಿದ ಮೇಲೂ ಇಡೀ ಪಟ್ಟಿಯನ್ನು ಅವರ ಗುಮಾಸ್ತರ ಪಕ್ಕ ಕೂತು ಗಟ್ಟಿಯಾಗಿ ಓದಿದೆ. ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ನನ್ನ ಪ್ರಕಾರ ಇದೂ ಡೆವಲಪರ್ ಕೆಲಸವೇ.

ಆಗಲೇ ಇನ್ನೊಂದು ಕಣ್ಣಿಗೆ ಬಿತ್ತು. ಬಟನ್ನಿನ ಮೇಲಿನ ‘ಹತ್ತಿ’ ಗುಮಾಸ್ತರ ಮೊಬೈಲಿನಲ್ಲಿ ‘ಹತಿ’ ಆಗಿತ್ತು. ನಾನು ಕೊಟ್ಟಿದ್ದ ಎತ್ತರ ಇಂಗ್ಲಿಷಿಗೆ ಸಾಕು, ಕನ್ನಡದ ಒತ್ತಕ್ಷರಕ್ಕೆ ಸಾಲದು. ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಇದ್ದದ್ದನ್ನು 1.7 ಮಾಡಿ, ಬಟನ್ನಿಗೆ ಕಟ್ಟಿದ್ದ ಅಳತೆ ತೆಗೆದೆ. ಫೋಟೋಗಳದ್ದು ಬೇರೆ ಕಥೆ: ಮೊಬೈಲಿನಲ್ಲಿ ತೆಗೆದವು, ಒಂದೊಂದೂ 4 ಎಂಬಿ. ಜಗಳೂರು ಕಡೆಯ ರೈತ ಹೊಲದಲ್ಲಿ ನಿಂತು ತೆರೆದರೆ ಸುತ್ತುವ ಚಕ್ರ ನೋಡುತ್ತಲೇ ನಿಲ್ಲಬೇಕು. ಕಡಿಮೆ ಜಾಗ ಹಿಡಿಯುವ ವೆಬ್‌ಪಿ ಮಾದರಿಗೆ ಬದಲಿಸಿ, ಅಗಲ ಇಳಿಸಿ, 100 ಕೆಬಿ ಒಳಗೆ ತಂದೆ.

ಡೊಮೇನ್, ಅಂದರೆ ಸೈಟಿನ ವಿಳಾಸವನ್ನು ಸಾವ್ಕಾರ್ರ ಹೆಸರಲ್ಲೇ ಮಾಡಿಸಿದೆ, ಪಾಸ್‌ವರ್ಡನ್ನೂ ಅವರ ಕೈಗೇ ಕೊಟ್ಟೆ. ಹಿಂದೆ ಯಾರೋ ಮಾಡಿಕೊಟ್ಟಿದ್ದ ಸೈಟು ಪಾಸ್‌ವರ್ಡ್ ಸಮೇತ ಮಾಯವಾಗಿತ್ತಂತೆ. ಸೈಟು ಸುರಕ್ಷಿತ ಅಂತ ಬ್ರೌಸರಿಗೆ ತೋರಿಸುವ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆಯಿಂದ ಪಡೆದೆ. ನಾನು ಪಡೆದದ್ದಕ್ಕೆ 90 ದಿನದ ಆಯುಸ್ಸು. ತಾನಾಗಿ ನವೀಕರಣವಾಗುವಂತೆ ಇಟ್ಟು ಮರೆತೆ. ಅದು ಒಮ್ಮೆ ಕೈಕೊಟ್ಟಿತು, ಅದೂ ಮುಂಗಾರು ಬಿತ್ತನೆ ಹೊತ್ತಿನಲ್ಲಿ. ‘ಈ ಸೈಟು ಸುರಕ್ಷಿತವಲ್ಲ’ ಅನ್ನೋ ಎಚ್ಚರಿಕೆ ಕಂಡವರು ಸಾವ್ಕಾರ್ರನ್ನೇ ಅನುಮಾನಿಸಿದರು. ಈಗ 20 ದಿನ ಉಳಿದಿರುವಾಗಲೇ ನನ್ನ ಮೊಬೈಲಿಗೆ ಸಂದೇಶ ಬರುತ್ತದೆ.

ದರ ಅವರೇ ಬದಲಿಸಿಕೊಳ್ಳಲಿ ಅಂತ ಸುಲಭದ ಪುಟವೊಂದನ್ನೂ ಮಾಡಿಕೊಟ್ಟಿದ್ದೇನೆ. ಸಾವ್ಕಾರ್ರು ಅದನ್ನು ಇನ್ನೂ ತೆರೆದಿಲ್ಲ. “ಜೋಳದ್ದು ಇಪ್ಪತ್ತು ಏರಿಸಪ್ಪ” ಅಂತ ವಾಟ್ಸಾಪಿನಲ್ಲಿ ಧ್ವನಿ ಕಳಿಸುತ್ತಾರೆ, ನಾನು ಏರಿಸುತ್ತೇನೆ.