ಜೀನ್ಸ್ ವಾಷಿಂಗ್ ಯೂನಿಟ್ಟಿನ ಕೆಮಿಕಲ್ ಸ್ಟೋರ್: ನನ್ನ ಅನುಭವ

ಬಳ್ಳಾರಿ ಜೀನ್ಸ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಹೊಲಿಗೆ ಮಷಿನ್. ಆದರೆ ಹೊಲಿದ ಪ್ಯಾಂಟು ಹಾಗೇ ಅಂಗಡಿಗೆ ಹೋಗುವುದಿಲ್ಲ. ಬಟ್ಟೆ ಸೆಟೆದುಕೊಂಡಿರುತ್ತದೆ, ಬಣ್ಣ ಕಪ್ಪೇ ಅನ್ನುವಷ್ಟು ಕಡು ನೀಲಿ. ಅದನ್ನು ಮೆತ್ತಗೆ ಮಾಡಿ, ತೊಡೆ, ಮಂಡಿ ಹತ್ತಿರ ಬೇಕಾದಷ್ಟು ಬಿಳಿಚಿಸಿ ಕೊಡುವುದು ವಾಷಿಂಗ್ ಯೂನಿಟ್. ಅಂಥ ಒಂದು ಯೂನಿಟ್ಟಿನಲ್ಲಿ ನಾನು ಕೆಮಿಕಲ್ ಸ್ಟೋರ್ ನೋಡಿಕೊಳ್ಳುತ್ತೇನೆ. ಸೇಫ್ಟಿ ಕೆಲಸವೂ ನನ್ನದೇ.

ನಮ್ಮಲ್ಲಿ ಏನೇನಿರುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ. ಹೈಪೋ, ಅಂದರೆ ಸೋಡಿಯಂ ಹೈಪೋಕ್ಲೋರೈಟ್, 10ರಿಂದ 12 ಪರ್ಸೆಂಟ್ ಕ್ಲೋರಿನ್ ಬಲದ ಬ್ಲೀಚ್. ಪಿಪಿ, ಅಂದರೆ ಪೊಟ್ಯಾಶಿಯಂ ಪರ್‌ಮ್ಯಾಂಗನೇಟ್, ಮಂಡಿ ಹತ್ತಿರ ಸ್ಪ್ರೇ ಮಾಡುವ ನೇರಳೆ ನೀರು. ಹೈಪೋ, ಪಿಪಿ ಎರಡರ ಜೋರನ್ನೂ ಇಳಿಸುವುದಕ್ಕೆ ಮೆಟಾ, ಅಂದರೆ ಸೋಡಿಯಂ ಮೆಟಾಬೈಸಲ್ಫೈಟ್. ಆಮೇಲೆ ಕಾಸ್ಟಿಕ್ ಸೋಡಾ, ಅಸಿಟಿಕ್ ಆಸಿಡ್, ಪೆರಾಕ್ಸೈಡ್, ಬಣ್ಣ ಹಾಕುವ ಕೆಲಸ ಇದ್ದರೆ ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಇವು ಒಂದೊಂದೇ ತಮ್ಮ ಪಾಡಿಗೆ ಇದ್ದಾಗ ಸಂಭಾಳಿಸಬಹುದು. ದೊಡ್ಡ ಅನಾಹುತ ಆಗುವುದು ಎರಡು ಸೇರಿದಾಗ. ಹೈಪೋಗೆ ಆಸಿಡ್ ಸೇರಿದರೆ ಕ್ಲೋರಿನ್ ಗ್ಯಾಸ್. ಮೆಟಾಗೆ ಆಸಿಡ್ ಸೇರಿದರೆ ಸಲ್ಫರ್ ಡೈಆಕ್ಸೈಡ್, ಉಬ್ಬಸ ಇದ್ದವರಿಗೆ ಅದರ ಒಂದು ಉಸಿರೂ ಕಷ್ಟ. ಹೈಡ್ರೋಸ್‌ಗೆ ಸ್ವಲ್ಪ ನೀರು ಬಿದ್ದರೆ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಪಿಪಿಗೆ ಎಣ್ಣೆ, ಗ್ಲಿಸರಿನ್ ಅಥವಾ ಮರದ ಹೊಟ್ಟು ಸೇರಿದರೆ ಬೆಂಕಿ.

ಹಾಗಾಗಿ ನನ್ನ ಕೆಲಸ ಏನು ಅಂದರೆ, ಸೇರಬಾರದ್ದು ಸೇರದ ಹಾಗೆ ನೋಡಿಕೊಳ್ಳುವುದು. ಸ್ಟೋರಿನಲ್ಲಿ ಬೇರೆ ಬೇರೆ ಇಟ್ಟರೆ ಸಾಕು ಎಂದು ತುಂಬಾ ಜನ ತಿಳಿದಿದ್ದಾರೆ. ನಾನು ನೋಡಿದ ಮಟ್ಟಿಗೆ ಸ್ಟೋರಿನಲ್ಲಿ ಅವು ಸೇರುವುದು ಕಡಿಮೆ. ಸೇರುವುದು ಮಗ್ಗಿನಲ್ಲಿ, ಚರಂಡಿಯಲ್ಲಿ, ಖಾಲಿ ಕ್ಯಾನಿನಲ್ಲಿ.

ಮಗ್ ವಿಷಯ ನೋಡಿ. ಮಷಿನ್ ಹತ್ತಿರ ಒಂದೇ ಪ್ಲಾಸ್ಟಿಕ್ ಮಗ್ ಇರುತ್ತಿತ್ತು. ಆಸಿಡ್ ಅಳೆಯುವುದಕ್ಕೂ ಅದೇ, ಹೈಪೋಗೂ ಅದೇ. ತಳದಲ್ಲಿ ಉಳಿದ ಒಂದು ಗುಟುಕು ಆಸಿಡ್ ಮೇಲೆ ಹೈಪೋ ಬಿದ್ದರೆ ಅಳೆಯುವವನ ಮುಖ ಸರಿಯಾಗಿ ಅದರ ಮೇಲೇ ಇರುತ್ತದೆ. ಈಗ ಪ್ರತಿ ಡ್ರಮ್ಮಿಗೂ ಅದರದ್ದೇ ಬಣ್ಣದ ಮಗ್, ಡ್ರಮ್ಮಿಗೇ ಸರಪಳಿ ಹಾಕಿ ಕಟ್ಟಿದ್ದೇವೆ. ಆಸಿಡ್‌ಗೆ ಕೆಂಪು, ಹೈಪೋಗೆ ನೀಲಿ, ಮೆಟಾಗೆ ಹಳದಿ. ಸರಪಳಿ ಉದ್ದ ಪಕ್ಕದ ಡ್ರಮ್ಮಿಗೆ ಎಟುಕದಷ್ಟು ಮಾತ್ರ. ನಮ್ಮಲ್ಲಿ ಕನ್ನಡ ಓದುವವರು ಇದ್ದಾರೆ, ತೆಲುಗು ಮಾತ್ರ ಬರುವವರು ಇದ್ದಾರೆ, ಹಿಂದಿಯವರು ಇದ್ದಾರೆ, ಓದಲು ಬಾರದವರೂ ಇದ್ದಾರೆ. ಮೂರು ಭಾಷೆಯಲ್ಲಿ ಬರೆದ ಬೋರ್ಡಿಗಿಂತ ಆ ಸರಪಳಿ ಜಾಸ್ತಿ ಕೆಲಸ ಮಾಡಿದೆ.

ನಮ್ಮ ಊರಿನ ಬಿಸಿಲಿನದ್ದೂ ಇದರಲ್ಲಿ ಪಾಲಿದೆ. ಹೈಪೋ ಬಿಸಿಲಿಗೆ, ಶಾಖಕ್ಕೆ ಬೇಗ ಕೆಡುತ್ತದೆ. ಹತ್ತು ಡಿಗ್ರಿ ಏರಿದರೆ ಕೆಡುವ ವೇಗ ಸುಮಾರು ಮೂರು ಪಟ್ಟಾಗುತ್ತದೆ. ಏಪ್ರಿಲ್‌ನಲ್ಲಿ ಶೀಟಿನ ಕೆಳಗೆ ಇಟ್ಟ ಹೈಪೋ ಬಲ ಕಳೆದುಕೊಂಡು, ಗ್ಯಾಸ್ ಬಿಡುತ್ತಾ ಕ್ಯಾನ್ ಉಬ್ಬಿಸಿಕೊಂಡು ನಿಲ್ಲುತ್ತದೆ. ಅದಕ್ಕೇ ಅದರ ಮುಚ್ಚಳದಲ್ಲಿ ಗಾಳಿ ಹೋಗುವ ಸಣ್ಣ ತೂತು ಇರಬೇಕು. ಇದಕ್ಕಿಂತ ಅಪಾಯದ್ದು ಆಮೇಲೆ ಬರುತ್ತದೆ. ಬಲ ಕಳೆದ ಹೈಪೋದಲ್ಲಿ ಪ್ಯಾಂಟು ಬೇಗ ಬಿಳಿಚುವುದಿಲ್ಲ. ಲಾಟ್ ಸಂಜೆಗೆ ಹೋಗಬೇಕು. ಆಗ ಯಾರಾದರೂ ಹಳಬರು, 'ಸ್ವಲ್ಪ ಆಸಿಡ್ ಬಿಡು, ಬೇಗ ಎಳೆಯುತ್ತೆ' ಅನ್ನುತ್ತಾರೆ. ಎಳೆಯುವುದೂ ನಿಜ. ಕ್ಲೋರಿನ್ ಹೊರಗೆ ಬರುವುದೂ ನಿಜ. ಬರೀ 'ಆಸಿಡ್ ಹಾಕಬೇಡಿ' ಎಂದರೆ ಈ ಚಾಳಿ ನಿಲ್ಲಲಿಲ್ಲ. ಹೈಪೋವನ್ನು ಗೋಡೆ ಕಟ್ಟಿದ ನೆರಳಿನ ಕೋಣೆಗೆ ಹಾಕಿ, ಸ್ವಲ್ಪ ಸ್ವಲ್ಪವೇ ತಾಜಾ ತರಿಸುವುದು ಶುರು ಮಾಡಿದ ಮೇಲೆ ಆಸಿಡ್ ಕೇಳುವವರೇ ಇಲ್ಲವಾದರು. ಅಸಿಟಿಕ್ ಆಸಿಡ್ ಕೂಡ ಬಿಸಿಲಿನಲ್ಲಿ ಇಡುವ ವಸ್ತು ಅಲ್ಲ. ಗಟ್ಟಿ ಅಸಿಟಿಕ್ ಸುಮಾರು 39 ಡಿಗ್ರಿಯಲ್ಲೇ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ಬಳ್ಳಾರಿ ಬೇಸಿಗೆಯಲ್ಲಿ 39 ಅಂದರೆ ಮಾಮೂಲಿ ಮಧ್ಯಾಹ್ನ.

ಇನ್ನು ಚರಂಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಒಂದು ಸಂಜೆ ಬ್ಲೀಚ್ ಮಷಿನ್ ಮತ್ತು ಪಕ್ಕದ ಆಸಿಡ್ ವಾಶ್ ಮಷಿನ್ ಒಂದೇ ಹೊತ್ತಿಗೆ ನೀರು ಬಿಟ್ಟವು. ಎರಡೂ ನೀರು ಹೋಗಿ ಸೇರುವುದು ಒಂದೇ ಕಾಲುವೆಗೆ. ಕಾಲುವೆಯ ಜಾಲರಿ ಹತ್ತಿರ ಮೊದಲು ವಾಸನೆ ಬಂತು, ಮೂಗಿಗೆ ಚುಚ್ಚುವ ವಾಸನೆ. ಆಮೇಲೆ ನೆಲಕ್ಕೆ ಅಂಟಿಕೊಂಡ ಹಾಗೆ ತೆಳ್ಳಗೆ ಹಳದಿ ಹಸಿರು. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ಮೇಲೆ ಹೋಗುವುದಿಲ್ಲ, ತಗ್ಗು ಹುಡುಕಿಕೊಂಡು ಹರಿಯುತ್ತದೆ. ಹತ್ತಿರ ಇದ್ದ ಹುಡುಗ ಏನಾಯಿತು ಎಂದು ಜಾಲರಿ ಮೇಲೆ ಬಗ್ಗಲು ಹೋದ. ಕೂಗಿ ನಿಲ್ಲಿಸಿದೆ.

ಆ ಹೊತ್ತಿನಲ್ಲಿ ಯೋಚನೆ ಮಾಡುತ್ತಾ ನಿಲ್ಲುವುದಕ್ಕೆ ಆಗುವುದಿಲ್ಲ. ಮೊದಲೇ ರೂಢಿ ಆಗಿದ್ದದ್ದು ಮಾತ್ರ ಕೈಗೆ ಬರುತ್ತದೆ. ಚಾವಣಿ ಮೇಲೆ ಜೇಬಿನ ಲೈನಿಂಗ್ ಬಟ್ಟೆಯ ಒಂದು ಪಟ್ಟಿ ಕಟ್ಟಿದ್ದೇವೆ. ಅದು ಯಾವ ಕಡೆ ಹಾರುತ್ತಿದೆ ಎಂದು ನೋಡಿದೆವು. ಗ್ಯಾಸ್ ಹೋಗುವ ದಿಕ್ಕಿಗೆ ಅಡ್ಡ ಸರಿದು, ಗಾಳಿ ಬರುವ ಕಡೆಗೆ, ಎತ್ತರದ ಜಾಗಕ್ಕೆ ಎಲ್ಲರೂ ಹೋದೆವು. ಆವತ್ತು ಅದು ಹಿಂದಿನ ಗೇಟು. ಮುಂದಿನ ಗೇಟಿಗೆ ಓಡುವುದು ಎಲ್ಲರ ಅಭ್ಯಾಸ, ಆದರೆ ಗ್ಯಾಸ್ ಹೋಗುತ್ತಿದ್ದದ್ದೂ ಆ ಕಡೆಗೇ. ಡ್ರೈನ್ ವಾಲ್ವ್ ಮುಚ್ಚುವ ಹ್ಯಾಂಡಲ್ ಜಾಲರಿಯಿಂದ ದೂರ ಇದೆ, ಅದನ್ನು ಮುಚ್ಚಿ ಹೊರಗೆ ಬಂದೆವು. ತಲೆ ಎಣಿಸಿದೆವು. 112ಕ್ಕೆ ಫೋನ್ ಮಾಡಿ ನಾಲ್ಕು ಮಾತು ಹೇಳಿದೆ: ಯಾವ ಗ್ಯಾಸ್, ಎಲ್ಲಿಂದ ಬರುತ್ತಿದೆ, ಎಷ್ಟು ಜನಕ್ಕೆ ತೊಂದರೆ ಆಗಿದೆ, ಯಾವ ದಾರಿಯಿಂದ ಬರಬೇಕು. ಕೊನೆಯದನ್ನು ಜನ ಮರೆಯುತ್ತಾರೆ. ಗಾಳಿಯ ದಿಕ್ಕು ಹೇಳದಿದ್ದರೆ ಆಂಬುಲೆನ್ಸ್ ನೇರ ಗ್ಯಾಸಿನೊಳಗೇ ಬರುತ್ತದೆ, ಅಲ್ವಾ?

ಆ ಹುಡುಗನಿಗೆ ಕೆಮ್ಮು ಹಿಡಿಯಿತು. ಓಡಾಡಬೇಡ ಎಂದು ಒರಗಿಸಿ ಕೂರಿಸಿದೆವು. ಕ್ಲೋರಿನ್ ಕುಡಿದ ಶ್ವಾಸಕೋಶಕ್ಕೆ ದಣಿವು ಒಳ್ಳೆಯದಲ್ಲ. ಯಾರೋ ಹಾಲು ತಂದರು, ಇನ್ನೊಬ್ಬರು ಬೆಲ್ಲ ತಂದರು. ಎರಡೂ ಬೇಡ ಎಂದೆ. ಹೊಟ್ಟೆಗೆ ಹೋದದ್ದು ಶ್ವಾಸಕೋಶಕ್ಕೆ ಏನೂ ಮಾಡುವುದಿಲ್ಲ, ವಾಂತಿಯಾದರೆ ಇನ್ನೂ ಕಷ್ಟ. ಅರ್ಧ ಗಂಟೆಗೆ ಅವನು 'ಈಗ ಆರಾಮ ಅಣ್ಣ, ಮನೆಗೆ ಹೋಗ್ತೀನಿ' ಅಂದ. ಬಿಡಲಿಲ್ಲ. ಕ್ಲೋರಿನ್ ಮೋಸ ಮಾಡುವುದೇ ಇಲ್ಲಿ. ಕೆಮ್ಮು ನಿಂತ ಮೇಲೂ ಎಷ್ಟೋ ಗಂಟೆ ಕಳೆದು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಇದಕ್ಕೆ ಪ್ರತ್ಯೇಕ ಮದ್ದು ಇಲ್ಲ, ಆಮ್ಲಜನಕ ಕೊಟ್ಟು ನಿಗಾ ಇಡುವುದೇ ಚಿಕಿತ್ಸೆ. ದೊಡ್ಡಾಸ್ಪತ್ರೆಯಲ್ಲಿ ರಾತ್ರಿಯಿಡೀ ಇರಿಸಿಕೊಂಡರು. ಹೈಪೋದ ಸೇಫ್ಟಿ ಶೀಟ್, ಅಂದರೆ ಅದರ ಅಪಾಯ, ಚಿಕಿತ್ಸೆ ಎಲ್ಲ ಬರೆದ ಹಾಳೆ, ಅವನ ಜೊತೆಗೇ ಕಳಿಸಿದ್ದೆ. ಡಾಕ್ಟರು ಮೊದಲು ಕೇಳಿದ್ದೇ ಅದನ್ನು.

ಆಮೇಲೆ ಕೆಲಸದ ಕ್ರಮ ಬದಲಾಯಿಸಿದೆವು. ಬ್ಲೀಚ್ ನೀರನ್ನು ಹಾಗೇ ಬಿಡುವಂತಿಲ್ಲ. ಮೆಟಾವನ್ನು ನೀರಲ್ಲಿ ಕರಗಿಸಿ, ಮಷಿನ್ ಒಳಗೇ ನಿಧಾನವಾಗಿ ಹಾಕಿ ಕ್ಲೋರಿನ್ ಸಾಯಿಸಬೇಕು. ಗಟ್ಟಿ ಹೈಪೋ ಮೇಲೆ ಒಣ ಮೆಟಾ ಸುರಿಯಬಾರದು, ಕುದಿದು ಸಿಡಿಯುತ್ತದೆ. ಸ್ಟಾರ್ಚ್ ಅಯೊಡೈಡ್ ಕಾಗದ ಅದ್ದಿ ನೋಡಬೇಕು. ನೀಲಿಗೆ ತಿರುಗಿದರೆ ಕ್ಲೋರಿನ್ ಇನ್ನೂ ಇದೆ. ನೀಲಿ ಬರದಿದ್ದರೆ ಮಾತ್ರ ಡ್ರೈನ್. ಆಸಿಡ್ ಮಷಿನ್‌ಗೆ ಬೇರೆ ಪೈಪ್ ಎಳೆಸಿದ್ದೇವೆ. ಅದಕ್ಕೆ ಮಾಲೀಕರನ್ನು ಒಪ್ಪಿಸಲು ಬಹಳ ಮಾತಾಡಬೇಕಾಯಿತು, ಆದರೆ ಒಪ್ಪಿದರು.

ಎಫ್ಲುಯೆಂಟ್ ತೊಟ್ಟಿ, ಅಂದರೆ ಬಳಸಿದ ಕೊಳೆ ನೀರು ಹೋಗಿ ಸೇರುವ ತೊಟ್ಟಿಯ ಬಗ್ಗೆ ಒಂದೇ ಮಾತು. ಯಾರೂ ಇಳಿಯುವಂತಿಲ್ಲ. ತಳದ ಕೆಸರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಎಂದು ಎಲ್ಲರಿಗೂ ಗೊತ್ತು, ಆದರೆ ಜಾಸ್ತಿ ಇದ್ದಾಗ ಅದು ಮೂಗನ್ನೇ ಸಾಯಿಸುತ್ತದೆ, ವಾಸನೆ ಬರುವುದೇ ಇಲ್ಲ. ಒಬ್ಬ ಬಿದ್ದ ಎಂದು ಇನ್ನೊಬ್ಬ ಇಳಿಯುತ್ತಾನೆ, ಅವನನ್ನು ಎತ್ತಲು ಮೂರನೆಯವನು. ಇಂಥ ಸುದ್ದಿ ಪೇಪರಿನಲ್ಲಿ ನಾವು ಓದುತ್ತಲೇ ಇದ್ದೇವೆ. ಕೆಸರು ತೆಗೆಯುವುದು ಪಂಪಿನಿಂದ, ಮೇಲಿನಿಂದ.

ಮಾಸ್ಕ್ ಬಗ್ಗೆಯೂ ಹೇಳಬೇಕು. ಬಟ್ಟೆ ಮಾಸ್ಕ್, ಎನ್95 ಇವು ಗ್ಯಾಸ್ ತಡೆಯುವುದಿಲ್ಲ. ಆಸಿಡ್ ಗ್ಯಾಸ್‌ಗೆ ಅಂತಲೇ ಇರುವ ಕಾರ್ಟ್ರಿಜ್ (ಮಾಸ್ಕಿಗೆ ಸಿಕ್ಕಿಸುವ ಫಿಲ್ಟರ್ ಡಬ್ಬಿ) ಬೇಕು, ಅದೂ ತಪ್ಪಿಸಿಕೊಂಡು ಹೊರಗೆ ಬರುವುದಕ್ಕೆ ಮತ್ತು ಮಾಮೂಲಿ ಕೆಲಸಕ್ಕೆ. ಗ್ಯಾಸ್ ತುಂಬಿದ ಕೋಣೆಗೆ ಹೋಗಲು ಬೆನ್ನಿಗೆ ಸಿಲಿಂಡರ್ ಕಟ್ಟಿದ ಅಗ್ನಿಶಾಮಕದವರೇ ಬೇಕು. ಗ್ಲೌಸ್ ಹಾಕುವ ಮೊದಲು ಗಾಳಿ ತುಂಬಿ ಹಿಂಡಿ ತೂತು ನೋಡಬೇಕು. ಪ್ಯಾಂಟಿನ ಕಾಲು ಗಂಬೂಟಿನ ಹೊರಗೆ ಇಳಿಬಿಡಬೇಕು, ಒಳಗೆ ತುರುಕಿದರೆ ಚೆಲ್ಲಿದ ಕಾಸ್ಟಿಕ್ ಬೂಟಿನೊಳಗೇ ಇಳಿಯುತ್ತದೆ.

ಕಾಸ್ಟಿಕ್ ಅಂದರೆ ನನಗೆ ಆಸಿಡ್‌ಗಿಂತ ಜಾಸ್ತಿ ಭಯ. ಆಸಿಡ್ ಚರ್ಮದ ಮೇಲೆ ಉರಿದು ಎಚ್ಚರಿಸುತ್ತದೆ. ಕಾಸ್ಟಿಕ್ ಜಾರಿಕೊಂಡು ಒಳಗೆ ಇಳಿಯುತ್ತಲೇ ಹೋಗುತ್ತದೆ, ಕಣ್ಣಿನಲ್ಲಂತೂ ಬಹಳ ಆಳಕ್ಕೆ. ಯಾವಾಗಲೂ ತಣ್ಣೀರಿಗೆ ಕಾಸ್ಟಿಕ್ ಸ್ವಲ್ಪ ಸ್ವಲ್ಪ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಕಣ್ಣಿಗೆ ಬಿದ್ದರೆ ಕ್ಷಣವೂ ಕಾಯದೆ ನೀರು. ಕನಿಷ್ಠ 15ರಿಂದ 20 ನಿಮಿಷ, ಕಾಸ್ಟಿಕ್‌ಗೆ ಅದಕ್ಕಿಂತಲೂ ಜಾಸ್ತಿ, ಆಸ್ಪತ್ರೆ ದಾರಿಯಲ್ಲೂ ನಿಲ್ಲಿಸದೆ. ನಿಂಬೆರಸ, ವಿನೆಗರ್ ಹಾಕಿ ಸರಿಮಾಡಲು ಹೋಗಬಾರದು.

ಆದರೆ ಬಳ್ಳಾರಿಯಲ್ಲಿ ನೀರಿನದ್ದೇ ಸಮಸ್ಯೆ. ಚಾವಣಿ ಮೇಲಿನ ಕಪ್ಪು ಟ್ಯಾಂಕಿನ ನೀರನ್ನು ಮೇ ತಿಂಗಳ ಮಧ್ಯಾಹ್ನ ಕೈಗೆ ಬಿಟ್ಟುಕೊಂಡು ನೋಡಿ, ಸುಡುತ್ತದೆ. ಕಣ್ಣು ತೊಳೆಯುವ ನೀರು 16ರಿಂದ 38 ಡಿಗ್ರಿ ಒಳಗೆ ಇರಬೇಕು ಅನ್ನುತ್ತಾರೆ. ಸುಡುವ ನೀರಿನ ಕೆಳಗೆ ಯಾರು ಕಣ್ಣು ಬಿಟ್ಟುಕೊಂಡು ನಿಲ್ಲುತ್ತಾರೆ? ನಾವು ಐವಾಶ್‌ಗೆ ಪ್ರತ್ಯೇಕ ಬಿಳಿ ಟ್ಯಾಂಕ್ ಇಟ್ಟೆವು, ಬೇವಿನ ಮರದ ನೆರಳಿನಲ್ಲಿ, ಪೈಪನ್ನು ನೆಲದಲ್ಲಿ ಹೂತು. ದಿನಾ ಬೆಳಿಗ್ಗೆ ಸ್ವಲ್ಪ ನೀರು ಹರಿಯಬಿಟ್ಟು ಕೈಯಿಟ್ಟು ನೋಡುತ್ತೇನೆ. ಒಮ್ಮೆ ಒಬ್ಬರ ಕಣ್ಣಿಗೆ ಕಾಸ್ಟಿಕ್ ನೀರು ಸಿಡಿಯಿತು. ನೋವಿಗೆ ರೆಪ್ಪೆ ಬಿಗಿದುಕೊಂಡುಬಿಡುತ್ತದೆ, ತಾವಾಗಿ ತೆರೆಯಲು ಆಗುವುದಿಲ್ಲ. ಇಬ್ಬರು ಹಿಡಿದು, ಒಬ್ಬ ಬೆರಳಿನಿಂದ ರೆಪ್ಪೆ ಬಿಡಿಸಿ, ಮೂಗಿನ ಕಡೆಯಿಂದ ಹೊರಗಡೆಗೆ ನೀರು ಬಿಟ್ಟರು. ಅವರು ಸಾಕು ಸಾಕು ಎಂದು ಕೂಗುತ್ತಿದ್ದರು. ಗಡಿಯಾರ ನೋಡಿಕೊಂಡೇ ತೊಳೆದೆವು. ದೃಷ್ಟಿ ಉಳಿಯಿತು. ಈಗ ಅದೇ ಮಷಿನ್ ನಡೆಸುತ್ತಿದ್ದಾರೆ.

ಸೇಫ್ಟಿ ಶೀಟ್ ಕೊಡಲೇಬೇಕು ಎಂದು ಸಪ್ಲೈಯರ್‌ಗೆ ಹಟ ಹಿಡಿಯಿರಿ. ಅದರಲ್ಲಿ 16 ಭಾಗ ಇರುತ್ತದೆ. ನಾನು ಮೊದಲು ತೆಗೆಯುವುದು ಹತ್ತನೆಯದನ್ನು, ಯಾವುದರ ಜೊತೆ ಸೇರಬಾರದು ಎಂದು ಅಲ್ಲಿದೆ. ನಾಲ್ಕನೆಯದು ಪ್ರಥಮ ಚಿಕಿತ್ಸೆ, ಆರನೆಯದು ಚೆಲ್ಲಿದಾಗ ಏನು ಮಾಡಬೇಕು. ಈ ಮೂರನ್ನು ಕನ್ನಡದಲ್ಲಿ ಬರೆದು ಡ್ರಮ್ ಹಿಂದಿನ ಗೋಡೆಗೆ ಅಂಟಿಸಿದ್ದೇನೆ. ಪಿಪಿ ಚೆಲ್ಲಿದರೆ ಹೊಟ್ಟು, ಗೋಣಿಚೀಲ ಹಾಕಬಾರದು, ಒಣ ಮರಳು ಹಾಕಿ ಎಂದು ದಪ್ಪ ಅಕ್ಷರದಲ್ಲಿದೆ. ಭೋಪಾಲದ ದುರಂತ ಆದದ್ದು 1984ರ ಡಿಸೆಂಬರ್‌ನಲ್ಲಿ. ಆಮೇಲೆ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಕೆಲಸದ ಬಗ್ಗೆ ಹೊಸ ಅಧ್ಯಾಯವೇ ಸೇರಿತು. ಅಪಾಯ ಕಂಡರೆ ಎಚ್ಚರಿಸುವುದು ಕೆಲಸಗಾರನ ಹಕ್ಕು ಎಂದು ಅದರಲ್ಲಿ ಬರೆದರು. ಹೊಸಬರು ಸೇರಿದ ದಿನ ಇದನ್ನು ಹೇಳಿಯೇ ಒಳಗೆ ಬಿಡುತ್ತೇನೆ. 'ವಾಸನೆ ಬಂದರೆ ಕೂಗು. ಸುಳ್ಳಾದರೂ ಯಾರೂ ಬೈಯುವುದಿಲ್ಲ.'

ಉಳಿದದ್ದು ಖಾಲಿ ಡ್ರಮ್. ನಮ್ಮಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಮನೆ ಮನೆಯಲ್ಲೂ ನೀಲಿ ಡ್ರಮ್ ಬೇಕು. ಕೆಲಸದವರು ಬಂದು 'ಅಣ್ಣ, ಒಂದು ಡ್ರಮ್ ಕೊಡಿ, ತೊಳೆದುಕೊಳ್ತೀವಿ' ಎಂದು ಕೇಳುತ್ತಾರೆ. ಕೊಡುವುದಿಲ್ಲ ಎನ್ನುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕೆಮಿಕಲ್ ಪ್ಲಾಸ್ಟಿಕ್ಕಿನೊಳಗೂ ಇಳಿದಿರುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ಅದರಲ್ಲಿ ಮಕ್ಕಳು ನೀರು ಕುಡಿಯುತ್ತಾರೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲೂ ಇಂಥ ಖಾಲಿ ಡ್ರಮ್ ಅಪಾಯಕಾರಿ ತ್ಯಾಜ್ಯವೇ. ಸರಿ ಇದ್ದದ್ದನ್ನು ಸಪ್ಲೈಯರ್ ಲಾರಿಯಲ್ಲೇ ವಾಪಸ್ ಕಳಿಸುತ್ತೇವೆ. ಒಡೆದದ್ದನ್ನು ಕತ್ತರಿಸಿ, ಬೀಗ ಹಾಕಿದ ಶೆಡ್ಡಿನಲ್ಲಿಟ್ಟು ಪರವಾನಗಿ ಇದ್ದವರಿಗೆ ಕೊಡುತ್ತೇವೆ. ಈ ಸಲ ದೀಪಾವಳಿಗೆ ಸ್ವೀಟ್ ಬಾಕ್ಸ್ ಜೊತೆ ಪ್ರತಿ ಮನೆಗೂ ಒಂದು ಹೊಸ ನೀರಿನ ಡ್ರಮ್ ಕೊಡಿ ಎಂದು ಮಾಲೀಕರನ್ನು ಕೇಳಿದ್ದೇನೆ. ಲೆಕ್ಕ ಹಾಕಿ ಹೇಳುತ್ತೇನೆ ಅಂದಿದ್ದಾರೆ.