ಸ್ಟೋರ್ ರೂಮಿನ ಹಳೇ ಕಂಪ್ಯೂಟರ್‌ಗಳನ್ನು ವಿಲೇವಾರಿ ಮಾಡುವುದು ಹೇಗೆ?

ಬಹುತೇಕ ಕಚೇರಿಗಳಲ್ಲಿ ಇಂಥದ್ದೊಂದು ಕೋಣೆ ಇರುತ್ತದೆ. ಬಾಗಿಲು ತೆಗೆದರೆ ಗೋಡೆಗೆ ಮುಖ ಮಾಡಿ ನಿಂತ ಮಾನಿಟರ್‌ಗಳು, ಒಂದರ ಮೇಲೊಂದು ಪೇರಿಸಿಟ್ಟ ಸಿಪಿಯುಗಳು, ಯಾವುದು ಯಾವುದಕ್ಕೆ ಸೇರಿದ್ದೆಂದು ಯಾರಿಗೂ ತಿಳಿಯದ ಚಾರ್ಜರ್‌ಗಳ ರಾಶಿ. ಕೇಳಿದರೆ ಸಿಗುವ ಉತ್ತರವೂ ಒಂದೇ: ‘ಒಳಗೆ ಡೇಟಾ ಇದೆ, ಸದ್ಯಕ್ಕೆ ಅಲ್ಲೇ ಇರಲಿ.’ ಆ ‘ಸದ್ಯ’ ನಾಲ್ಕೈದು ವರ್ಷ ಎಳೆಯುತ್ತದೆ. ಒಳಗಿಟ್ಟ ದಿನ ಇನ್ನೊಬ್ಬರ ಕೈಯಲ್ಲಿ ಚೆನ್ನಾಗಿಯೇ ಕೆಲಸ ಮಾಡಬಹುದಾಗಿದ್ದ ಲ್ಯಾಪ್‌ಟಾಪ್, ಹೊರಗೆ ತೆಗೆಯುವ ಹೊತ್ತಿಗೆ ಗುಜರಿಗೆ ಮಾತ್ರ ಲಾಯಕ್ಕಾಗಿರುತ್ತದೆ.

ಐಟಿ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದ ನನಗೆ ಇದಕ್ಕಿಂತ ಬೇಸರದ ನೋಟ ಇನ್ನೊಂದಿಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾದ ಕ್ರಮದಲ್ಲಿ ಸಂಗ್ರಹವಾಗಿ ಮರುಬಳಕೆಯ ಹಾದಿ ಹಿಡಿದದ್ದಕ್ಕೆ ದಾಖಲೆ ಇರುವುದು ಶೇ 22.3ಕ್ಕೆ ಮಾತ್ರ. ನಿಮ್ಮ ಕಚೇರಿಯ ಪಾಲು ಉಳಿದ ರಾಶಿಗೆ ಸೇರಬಾರದು ಎಂದಿದ್ದರೆ ಮುಂದಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಿ. ಕ್ರಮ ತಪ್ಪಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

1. ಮೊದಲು ಪಟ್ಟಿ

ಕೋಣೆಯೊಳಗಿನ ಪ್ರತಿಯೊಂದು ಸಾಧನದ ಮಾದರಿ, ಸೀರಿಯಲ್ ನಂಬರ್, ಕೊಂಡ ವರ್ಷ, ಒಳಗಿರುವುದು ಹಾರ್ಡ್ ಡಿಸ್ಕೋ ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯೋ, ಯಂತ್ರ ಆನ್ ಆಗುತ್ತದೋ ಇಲ್ಲವೋ ಎಂಬುದನ್ನು ಬರೆದುಕೊಳ್ಳಿ. ಒಂದೇ ಯಂತ್ರದಲ್ಲಿ ಎರಡು ಡಿಸ್ಕ್ ಇರುವುದುಂಟು. ಹಾಗಾಗಿ ಡಿಸ್ಕಿನ ಸೀರಿಯಲ್ ನಂಬರನ್ನೂ ಬೇರೆಯಾಗಿ ಬರೆಯಿರಿ. ಎಲ್ಲರೂ ಮರೆಯುವ ಸಾಧನವೆಂದರೆ ಜೆರಾಕ್ಸ್ ಯಂತ್ರ. ದೊಡ್ಡ ಕಾಪಿಯರ್ ಮತ್ತು ಪ್ರಿಂಟರ್‌ಗಳಲ್ಲಿ ಹಲವಕ್ಕೆ ಸ್ವಂತ ಹಾರ್ಡ್ ಡಿಸ್ಕ್ ಇರುತ್ತದೆ. ಸ್ಕ್ಯಾನ್ ಮಾಡಿದ ವೇತನ ಪಟ್ಟಿ, ಗುರುತಿನ ಚೀಟಿಯ ಪ್ರತಿ ಅದರಲ್ಲಿ ಉಳಿದಿರಬಹುದು. ರೌಟರ್, ಸ್ವಿಚ್‌ಗಳಲ್ಲಿ ನೆಟ್‌ವರ್ಕ್ ಪಾಸ್‌ವರ್ಡ್‌ಗಳಿರುತ್ತವೆ. ಬ್ಯಾಕಪ್ ಟೇಪು, ಪೆನ್ ಡ್ರೈವ್‌ಗಳನ್ನೂ ಬಿಡಬೇಡಿ.

2. ನಿಜಕ್ಕೂ ಹಳತಾಗಿದೆಯೇ?

ಇಲ್ಲಿ ಅವಸರ ಬೇಡ. ಒಂದು ಲ್ಯಾಪ್‌ಟಾಪ್ ತನ್ನ ಇಡೀ ಆಯುಷ್ಯದಲ್ಲಿ ಹೊರಸೂಸುವ ಇಂಗಾಲದ ಬಹುಪಾಲು ಅದರ ತಯಾರಿಕೆಯಲ್ಲೇ ಹೊರಬಿದ್ದಿರುತ್ತದೆ, ನಾವು ಬಳಸುವ ವಿದ್ಯುತ್ತಿನದು ಸಣ್ಣ ಪಾಲು. ಹೀಗಾಗಿ ಮೂರು ವರ್ಷಕ್ಕೆ ಬದಲಿಸುತ್ತಿದ್ದ ಯಂತ್ರವನ್ನು ಐದು ವರ್ಷ ಬಳಸುವುದಕ್ಕಿಂತ ದೊಡ್ಡ ಪರಿಸರ ಕಾಳಜಿ ಈ ವಿಷಯದಲ್ಲಿ ಬೇರೊಂದಿಲ್ಲ. ನಿಧಾನವಾಯಿತೆಂದು ಮೂಲೆ ಸೇರಿದ ಕಂಪ್ಯೂಟರಿಗೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ರ‍್ಯಾಮ್ ಹೆಚ್ಚಿಸಿ ನೋಡಿ. ಬಳಸುವವರು ಹೊಸದೇ ಬಂತೆಂದು ಭಾವಿಸುತ್ತಾರೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲ, ಪ್ರೊಸೆಸರ್ ಹಳೆಯದು ಎಂಬ ಕಾರಣಕ್ಕೆ ವಿಂಡೋಸ್ 11 ಹಾಕಲಾಗದ ಯಂತ್ರಗಳು ರಾಶಿ ರಾಶಿಯಾಗಿ ಹೊರಬೀಳುತ್ತಿವೆ. ಇವು ಕೆಟ್ಟಿಲ್ಲ ಎಂಬುದನ್ನು ನೆನಪಿಡಿ. ಬ್ರೌಸರ್ ಮತ್ತು ಟೈಪಿಂಗ್ ಕೆಲಸಕ್ಕೆ ಲಿನಕ್ಸ್ ಹಾಕಿದರೆ ಇವುಗಳಲ್ಲಿ ಹೆಚ್ಚಿನವು ಇನ್ನೂ ಕೆಲವು ವರ್ಷ ನಿರಾಳವಾಗಿ ಓಡುತ್ತವೆ.

ಮುಂದಿನ ಖರೀದಿಗೂ ಇಲ್ಲೇ ಒಂದು ಮಾತು: ಬ್ಯಾಟರಿ, ರ‍್ಯಾಮ್, ಡಿಸ್ಕ್ ಮೂರನ್ನೂ ಸ್ಕ್ರೂ ಬಿಚ್ಚಿ ಬದಲಿಸಬಹುದಾದ ಮಾದರಿಯನ್ನೇ ಕೊಳ್ಳಿ. ರ‍್ಯಾಮನ್ನು ಬೋರ್ಡಿಗೇ ಬೆಸೆದ ಯಂತ್ರದ ಆಯುಷ್ಯವನ್ನು ಕೊಂಡ ದಿನವೇ ಬರೆದಿಟ್ಟಂತೆ.

3. ಬ್ಯಾಟರಿ: ಕಾಯಿಸಬಾರದ ಕೆಲಸ

ಪ್ರತಿ ಲ್ಯಾಪ್‌ಟಾಪನ್ನೂ ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ. ಒಂದು ಮೂಲೆ ಎದ್ದು ಅಲುಗಾಡುತ್ತಿದ್ದರೆ, ಟಚ್‌ಪ್ಯಾಡ್ ಉಬ್ಬಿ ಒತ್ತಲು ಬಾರದಿದ್ದರೆ, ಮುಚ್ಚಳ ಪೂರ್ತಿ ಮುಚ್ಚದಿದ್ದರೆ ಒಳಗಿನ ಲಿಥಿಯಂ ಬ್ಯಾಟರಿ ಊದಿಕೊಂಡಿದೆ ಎಂದೇ ತಿಳಿಯಿರಿ. ಅದನ್ನು ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಲು ಹೋಗಬೇಡಿ, ಚೂಪಾದ ವಸ್ತುವಿನಿಂದ ಎಬ್ಬಬೇಡಿ. ತೂತಾದರೆ ಕ್ಷಣಾರ್ಧದಲ್ಲಿ ಹೊತ್ತಿಕೊಳ್ಳಬಹುದು. ಬಿಚ್ಚುವ ಕೆಲಸ ಗೊತ್ತಿರುವವರ ಕೈಗೇ ಕೊಡಿ. ತೆಗೆದ ಬ್ಯಾಟರಿಯ ತುದಿಗಳಿಗೆ ಟೇಪ್ ಸುತ್ತಿ, ಮರಳು ತುಂಬಿದ ಲೋಹದ ಡಬ್ಬದಲ್ಲಿ, ಕಾಗದ–ರಟ್ಟುಗಳಿಂದ ದೂರವಿಡಿ. ಉಳಿದ ತ್ಯಾಜ್ಯದ ಜೊತೆ ಬೆರೆಸಿ ಕಳಿಸಿದ ಬ್ಯಾಟರಿ ಲಾರಿಯಲ್ಲೋ ಗೋದಾಮಿನಲ್ಲೋ ಜಜ್ಜಿಹೋಗಿ ಬೆಂಕಿ ಹಚ್ಚುತ್ತದೆ. ಅದರ ಬಿಸಿ ತಟ್ಟುವುದು ಅಲ್ಲಿ ಕೂಲಿ ಮಾಡುವವರಿಗೆ.

4. ಡೇಟಾ ಅಳಿಸುವುದು

ಇಡೀ ಕೆಲಸದ ಜೀವಾಳ ಇದು. ಡಿಲೀಟ್ ಮಾಡಿದೆವು, ಫಾರ್ಮ್ಯಾಟ್ ಹೊಡೆದೆವು ಎಂದು ಸಮಾಧಾನಪಡುವವರೇ ಹೆಚ್ಚು. ಕ್ವಿಕ್ ಫಾರ್ಮ್ಯಾಟ್ ಮಾಡುವುದೆಂದರೆ ಮನೆ ಮುಂದಿನ ನಾಮಫಲಕ ಕಿತ್ತಂತೆ. ಒಳಗಿರುವವರು ಅಲ್ಲೇ ಇರುತ್ತಾರೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ರಿಕವರಿ ಸಾಫ್ಟ್‌ವೇರ್ ಸಾಕು, ಕಡತಗಳು ಒಂದೊಂದಾಗಿ ಎದ್ದು ಬರುತ್ತವೆ.

ಹಾರ್ಡ್ ಡಿಸ್ಕ್ ಆದರೆ ಅದರ ಮೇಲೆ ಮೊದಲಿನಿಂದ ಕೊನೆಯವರೆಗೆ ಹೊಸ ಮಾಹಿತಿ ತುಂಬಬೇಕು, ಅಂದರೆ ಓವರ್‌ರೈಟ್ ಮಾಡಬೇಕು. 35 ಸಲ ಮಾಡಬೇಕು ಎಂಬ ಮಾತು ಈಗಲೂ ಚಲಾವಣೆಯಲ್ಲಿದೆ. ಕಂಪ್ಯೂಟರ್ ಭದ್ರತಾ ತಜ್ಞ ಪೀಟರ್ ಗಟ್‌ಮನ್ 1996ರಲ್ಲಿ ಬರೆದ ಪ್ರಬಂಧದಿಂದ ಹುಟ್ಟಿದ ಮಾತದು. ಆ ಕಾಲದ ಬಗೆಬಗೆಯ ಡಿಸ್ಕ್‌ಗಳನ್ನೆಲ್ಲ ಲೆಕ್ಕಕ್ಕೆ ಹಿಡಿದಿದ್ದರಿಂದ ಅಷ್ಟು ಸುತ್ತು ಬಂತು, ಇಂದಿನ ಡಿಸ್ಕಿಗೆ ಅದು ಬೇಕಿಲ್ಲ ಎಂದು ಅವರೇ ಆಮೇಲೆ ಸ್ಪಷ್ಟಪಡಿಸಿದ್ದಾರೆ. ಈಗಿನ ಡಿಸ್ಕಿಗೆ ಒಂದು ಪೂರ್ತಿ ಸುತ್ತು ಸಾಕು.

ಎಸ್‌ಎಸ್‌ಡಿಯ ಕತೆ ಬೇರೆ. ಚಿಪ್‌ಗಳು ಸಮನಾಗಿ ಸವೆಯಲೆಂದು ಅದು ಮಾಹಿತಿಯನ್ನು ಜಾಗದಿಂದ ಜಾಗಕ್ಕೆ ಬದಲಿಸುತ್ತಲೇ ಇರುತ್ತದೆ, ಒಂದಷ್ಟು ಜಾಗವನ್ನು ಕಂಪ್ಯೂಟರಿಗೆ ಕಾಣದಂತೆ ಕಾಯ್ದಿಟ್ಟುಕೊಂಡಿರುತ್ತದೆ. ಹೊರಗಿನಿಂದ ಓವರ್‌ರೈಟ್ ಮಾಡಿದರೆ ಆ ಮರೆಯ ಜಾಗಕ್ಕೆ ತಲುಪುವುದಿಲ್ಲ. ಆದ್ದರಿಂದ ಡಿಸ್ಕಿನೊಳಗೇ ಇರುವ ಸೆಕ್ಯೂರ್ ಇರೇಸ್ ಅಥವಾ ಸ್ಯಾನಿಟೈಸ್ ಆಜ್ಞೆಯನ್ನು, ತಯಾರಕರು ಕೊಡುವ ಸಾಫ್ಟ್‌ವೇರ್ ಮೂಲಕ ನಡೆಸಬೇಕು. ಅಯಸ್ಕಾಂತ ಹಿಡಿದು ಅಳಿಸುವ ವಿಧಾನ ಎಸ್‌ಎಸ್‌ಡಿಗೆ ಏನೂ ಮಾಡದು, ಅದರಲ್ಲಿ ಕಾಂತೀಯವಾಗಿ ಬರೆದದ್ದೇ ಇಲ್ಲ. ಡ್ರಿಲ್ಲಿನಿಂದ ಒಂದು ತೂತು ಕೊರೆದರೆ ಪಕ್ಕದ ಚಿಪ್ ಗಟ್ಟಿಯಾಗಿಯೇ ಉಳಿಯಬಹುದು.

ಇದಕ್ಕಿಂತ ಸುಲಭದ ದಾರಿ ಯಂತ್ರ ಕೊಂಡ ದಿನವೇ ಶುರುವಾಗುತ್ತದೆ. ವಿಂಡೋಸ್‌ನ ಬಿಟ್‌ಲಾಕರ್, ಆಪಲ್‌ನ ಫೈಲ್‌ವಾಲ್ಟ್‌ನಂಥ ಸೌಲಭ್ಯದಿಂದ ಇಡೀ ಡಿಸ್ಕನ್ನು ಮೊದಲ ದಿನದಿಂದಲೇ ಎನ್‌ಕ್ರಿಪ್ಟ್ ಮಾಡಿದ್ದರೆ, ಅಂದರೆ ಗೂಢಲಿಪಿಗೆ ಬದಲಿಸಿದ್ದರೆ, ಕೊನೆಗೆ ಅದರ ಕೀಲಿಯನ್ನು ನಾಶ ಮಾಡಿದರೂ ಆಯಿತು, ಉಳಿದದ್ದು ಯಾರಿಗೂ ಅರ್ಥವಾಗದ ಅಕ್ಷರರಾಶಿ. ಬೇರೆಡೆ ಉಳಿಸಿಟ್ಟ ರಿಕವರಿ ಕೀಲಿಗಳನ್ನೂ ಅಳಿಸಬೇಕು ಎಂಬುದಷ್ಟೇ ಷರತ್ತು.

ತಾಂತ್ರಿಕ ಮಾನದಂಡ ರೂಪಿಸುವ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ 800-88 ಮಾರ್ಗಸೂಚಿ ಇವನ್ನೆಲ್ಲ ಮೂರು ಮಟ್ಟಗಳಲ್ಲಿ ವಿವರಿಸುತ್ತದೆ: ಅಳಿಸುವುದು, ಪ್ರಯೋಗಾಲಯದಲ್ಲೂ ಮರಳಿ ಸಿಗದಂತೆ ತೊಡೆಯುವುದು, ಡಿಸ್ಕನ್ನೇ ನಾಶ ಮಾಡುವುದು. ಹಲವು ಕಚೇರಿಗಳು ಎಲ್ಲವನ್ನೂ ನೇರ ಮೂರನೆಯದಕ್ಕೇ ತಳ್ಳಿ ಪುಡಿ ಮಾಡಿಸುತ್ತವೆ. ಇದು ನನಗೆ ಒಪ್ಪಿಗೆಯಿಲ್ಲ. ಆನ್ ಆಗದ, ಆಜ್ಞೆಗೆ ಓಗೊಡದ ಡಿಸ್ಕ್‌ಗಳನ್ನು ಪುಡಿ ಮಾಡಿ. ಆರೋಗ್ಯವಾಗಿರುವ ಡಿಸ್ಕನ್ನು ಅಳಿಸಿ ಬದುಕಲು ಬಿಡಿ. ಅಳಿಸಿದ ಮೇಲೆ ಹತ್ತರಲ್ಲಿ ಒಂದನ್ನಾದರೂ ಎತ್ತಿಕೊಂಡು ರಿಕವರಿ ಸಾಫ್ಟ್‌ವೇರ್ ಹಾಕಿ ಪರೀಕ್ಷಿಸಿ. ಒಂದು ಕಡತ ಸಿಕ್ಕರೂ ಇಡೀ ಕಂತನ್ನು ಮತ್ತೆ ಅಳಿಸಬೇಕು.

5. ಬೀಗ ತೆಗೆದು ಕೊಡಿ

ಚೆಂದದ ಲ್ಯಾಪ್‌ಟಾಪ್ ಮರುಬಳಕೆಗೆ ಹೋಗಿ, ಹೊಸಬರು ಆನ್ ಮಾಡಿದ ಕೂಡಲೇ ಹಳೆಯ ಕಂಪನಿಯ ಲಾಗಿನ್ ಕೇಳುತ್ತದೆ. ಅಲ್ಲಿಗೆ ಅದರ ಕತೆ ಮುಗಿಯಿತು, ಬಿಡಿಭಾಗಕ್ಕಷ್ಟೇ ಅದು ಬೆಲೆಬಾಳುತ್ತದೆ. ಆಪಲ್‌ನ ಆ್ಯಕ್ಟಿವೇಷನ್ ಲಾಕ್, ವಿಂಡೋಸ್‌ನ ಆಟೋಪೈಲಟ್ ನೋಂದಣಿ, ಬಯೋಸ್ ಪಾಸ್‌ವರ್ಡ್ ಇವನ್ನು ಡಿಸ್ಕ್ ಅಳಿಸಿದರೆ ತೆಗೆದಂತಾಗುವುದಿಲ್ಲ. ಮೊದಲೆರಡನ್ನು ಕಂಪನಿಯ ನಿರ್ವಹಣಾ ಖಾತೆಗೆ ಹೋಗಿ ಸೀರಿಯಲ್ ನಂಬರ್ ಹುಡುಕಿ ಬಿಡುಗಡೆ ಮಾಡಬೇಕು, ಬಯೋಸ್ ಪಾಸ್‌ವರ್ಡನ್ನು ಯಂತ್ರದಲ್ಲೇ ತೆಗೆಯಬೇಕು. ಪ್ರತಿ ಯಂತ್ರಕ್ಕೆ ಹಿಡಿಯುವುದು ಕೆಲವೇ ನಿಮಿಷ.

6. ಯಾರ ಕೈಗೆ?

ಕಚೇರಿಯೊಳಗಿನ ಬೇರೆ ವಿಭಾಗ, ನೌಕರರು, ನವೀಕರಿಸಿ ಮಾರುವವರು, ಶಾಲೆ ಅಥವಾ ಸೇವಾ ಸಂಸ್ಥೆ ಎಂಬ ಕ್ರಮದಲ್ಲಿ ಯೋಚಿಸಿ. ದಾನ ಕೊಡುವುದಾದರೆ ಚಾರ್ಜರ್ ಸಮೇತ, ಚಾಲನೆಯಲ್ಲಿರುವುದನ್ನೇ ಕೊಡಿ. ಕೆಟ್ಟದ್ದನ್ನು ದಾನವೆಂದು ಕಳಿಸಿದರೆ ವಿಲೇವಾರಿಯ ಹೊರೆಯನ್ನು ಅದನ್ನು ಹೊರಲಾರದವರ ತಲೆಗೆ ಕಟ್ಟಿದಂತಾಗುತ್ತದೆ.

ಇನ್ನು ಯಾರ ಉಪಯೋಗಕ್ಕೂ ಬಾರದ್ದು ಮರುಬಳಕೆದಾರರಿಗೆ (ರೀಸೈಕ್ಲರ್‌ಗಳಿಗೆ) ಹೋಗಬೇಕು. ಒಂದು ಟನ್ ಸರ್ಕ್ಯೂಟ್ ಬೋರ್ಡ್‌ನಲ್ಲಿ ನೂರಾರು ಗ್ರಾಂ ಚಿನ್ನ ಸಿಗಬಹುದು. ಗಣಿಯ ಒಂದು ಟನ್ ಅದಿರಿನಲ್ಲಿ ಸಿಗುವುದು ಸಾಮಾನ್ಯವಾಗಿ ಕೆಲವೇ ಗ್ರಾಂ. ಈ ಆಸೆಗೇ ಬೋರ್ಡನ್ನು ಆ್ಯಸಿಡ್ಡಿನಲ್ಲಿ ಅದ್ದುವವರು, ತಾಮ್ರಕ್ಕಾಗಿ ವೈರು ಸುಡುವವರು ಇದ್ದಾರೆ. ಹಳೇ ಡಬ್ಬದಂಥ ಮಾನಿಟರ್‌ಗಳ ಗಾಜಿನಲ್ಲಿ ಸೀಸ, ಎಲ್‌ಇಡಿಗೆ ಮುಂಚಿನ ಎಲ್‌ಸಿಡಿ ಪರದೆಗಳ ದೀಪದಲ್ಲಿ ಪಾದರಸ ಇದೆ. ಹೀಗಾಗಿ ‘ಎಷ್ಟು ಕೊಡುತ್ತೀರಿ’ ಎಂಬ ಪ್ರಶ್ನೆ ಕೊನೆಗಿರಲಿ. ಪರವಾನಗಿ ಇದೆಯೇ, ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಡುವ ಆರ್2 ಅಥವಾ ಇ-ಸ್ಟೀವರ್ಡ್ಸ್‌ನಂಥ ಮಾನ್ಯತೆ ಇದೆಯೇ, ನಿಮ್ಮಿಂದ ಮುಂದೆ ಯಾರಿಗೆ ಹೋಗುತ್ತದೆ, ನಾವು ಬಂದು ನೋಡಬಹುದೇ ಎಂದು ಕೇಳಿ. ನೋಡಲು ಬಿಡದವರಿಗೆ ಕೊಡಬೇಡಿ. ದೇಶದ ಗಡಿಯಾಚೆಗೆ ಹೋಗುವುದಾದರೆ, ತ್ಯಾಜ್ಯದ ಸಾಗಣೆಯನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಬಾಸೆಲ್ ಒಪ್ಪಂದ ಅನ್ವಯಿಸುತ್ತದೆ. 2025ರ ಜನವರಿ 1ರಿಂದ ಅಪಾಯಕಾರಿಯಲ್ಲದ ಇ-ತ್ಯಾಜ್ಯ ಕಳಿಸಲೂ, ಪಡೆಯುವ ದೇಶದ ಪೂರ್ವಾನುಮತಿ ಬೇಕು.

7. ಕಾಗದ ಕೈಸೇರುವವರೆಗೆ ಕೆಲಸ ಮುಗಿದಿಲ್ಲ

ಅಮೆರಿಕದ ಬ್ಯಾಂಕ್ ಮಾರ್ಗನ್ ಸ್ಟಾನ್ಲಿಯ ಸಂಪತ್ತು ನಿರ್ವಹಣಾ ಸಂಸ್ಥೆ ತನ್ನ ಹಳೆಯ ಸಾಧನಗಳನ್ನು ಡೇಟಾ ನಾಶದ ಅನುಭವವೇ ಇಲ್ಲದ ಸಾಗಣೆ ಕಂಪನಿಯೊಂದಕ್ಕೆ ಒಪ್ಪಿಸಿತ್ತು. ಗ್ರಾಹಕರ ಮಾಹಿತಿ ಹಾಗೇ ಇದ್ದ ಕೆಲವು ಸಾಧನಗಳು ಆನ್‌ಲೈನ್ ಹರಾಜಿಗೆ ಬಂದವು. ಬೇರೊಂದು ಸಂದರ್ಭದಲ್ಲಿ 42 ಸರ್ವರ್‌ಗಳ ಲೆಕ್ಕವೇ ಸಿಗಲಿಲ್ಲ. 2022ರಲ್ಲಿ ಅದು 3.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಬೇಕಾಯಿತು.

ಆದ್ದರಿಂದ ‘60 ಕಂಪ್ಯೂಟರ್ ಸ್ವೀಕರಿಸಿದೆವು’ ಎಂಬ ಒಂದು ಸಾಲಿನ ರಸೀದಿಗೆ ಒಪ್ಪಬೇಡಿ. ಪ್ರತಿ ಡಿಸ್ಕಿನ ಸೀರಿಯಲ್ ನಂಬರ್, ಅಳಿಸಿದ ಅಥವಾ ನಾಶ ಮಾಡಿದ ವಿಧಾನ, ದಿನಾಂಕ, ಮಾಡಿದವರ ಸಹಿ ಇರುವ ಪ್ರಮಾಣಪತ್ರ ಕೇಳಿ ಪಡೆಯಿರಿ. ಬಂದ ದಿನವೇ ನಿಮ್ಮ ಮೊದಲ ಪಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ನಂಬರಿಗೆ ಗುರುತು ಹಾಕಿ. ಪಟ್ಟಿಯಲ್ಲಿ 60 ಇದ್ದು ಪ್ರಮಾಣಪತ್ರದಲ್ಲಿ 58 ಇದ್ದರೆ, ಉಳಿದೆರಡು ಎಲ್ಲಿ ಎಂದು ಅಂದೇ ಫೋನ್ ಮಾಡಿ ಕೇಳಿ.